ರಕ್ತದ ರಿಪೋರ್ಟು ನೋಡಿ ಹುಳುಮನೆಗೆ ಹಾಕಿದ ಬೀಗ

ಗಂಗುಲಮ್ಮ ಕೋಂ ಕೊಂಡಪ್ಪ, 48 ವರ್ಷ, ರೇಷ್ಮೆ ಹುಳು ಸಾಕಾಣಿಕೆ, ವಾಸ ಕೆಂಚಾರ್ಲಹಳ್ಳಿ, ಚಿಂತಾಮಣಿ ತಾಲ್ಲೂಕು. ಈ ದಿನ ಮಧ್ಯಾಹ್ನ 12-20 ಗಂಟೆಗೆ ಠಾಣೆಗೆ ಬಂದು ನಾನೇ ಹೇಳಿ ಬರೆಸುತ್ತಿರುವುದೇನೆಂದರೆ:

ನಾವೂ ನನ್ನ ಮೈದುನ ವೇಣುವೂ ಒಂದೇ ಹುಳುಮನೆಯಲ್ಲಿ ಪಾಲಿನ ಮೇಲೆ ಹುಳು ಸಾಕುತ್ತೇವೆ. ಅದು ನಮ್ಮ ಮನೆಯಿಂದ ಅರವತ್ತು ಅಡಿ ದೂರದಲ್ಲಿದೆ. ಈಗ ಅದರಲ್ಲಿ ನೂರೈವತ್ತು ಚಿಟ್ಟೆಗಳ ಮೊಟ್ಟೆಯಿಂದ ಬಂದ ಅರವತ್ತು ಸಾವಿರದಷ್ಟು ಹುಳು ಇವೆ. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುವಂಥವು. ಈ ಹಂತದಲ್ಲಿ ಸೊಪ್ಪು ತಪ್ಪಿದರೆ ಬೆಳೆ ಕೈಗೆ ಹತ್ತುವುದಿಲ್ಲ.

ದಿನಾಂಕ 31-10-2025 ರಂದು ನನ್ನ ಗಂಡನಿಗೆ ಕರುಳು ತೂತಾಗಿ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹೊಟ್ಟೆಯ ಗಾಯಕ್ಕೆ ಹತ್ತಿಯ ಗಾಜ್ ಬಟ್ಟೆ ತುಂಬಿದ್ದರು. 07-11 ರಂದು ಜ್ವರ ಬಂದಿದ್ದರಿಂದ ರಕ್ತ ತೆಗೆದರು. ಮಾರನೇ ದಿನದ ರಿಪೋರ್ಟಿನಲ್ಲಿ ರಕ್ತಕ್ಕೆ ಶಿಲೀಂಧ್ರ, ಅಂದರೆ ಬೂಷ್ಟು, ಸೇರಿರಬಹುದೆಂದು ಬಂತು. ಎಂಬತ್ತರೊಳಗೆ ಇರಬೇಕಾದ ನಂಬರು 196 ಇತ್ತು. ನಾನು ಗಾಬರಿಯಲ್ಲಿ ಅದರ ಫೋಟೊ ತೆಗೆದು ವೇಣುವಿಗೆ ಕಳಿಸಿದೆ. ಆ ಬುದ್ಧಿಗೇಡಿತನ ನನ್ನದೇ.

ಡಾಕ್ಟರ್ ತನುಜ ಅವರು ನನ್ನನ್ನು ಕೂರಿಸಿ, ಬೂಷ್ಟಿನಲ್ಲಿರುವ ಒಂದು ಅಂಶವನ್ನು ಈ ಪರೀಕ್ಷೆ ಹುಡುಕುತ್ತದೆ, ಗಾಜ್ ಬಟ್ಟೆಯಿಂದಲೂ ಅಂಥದೇ ಅಂಶ ರಕ್ತಕ್ಕೆ ಇಳಿದು ನಂಬರು ಏರುವುದುಂಟು, ಇದೊಂದನ್ನೇ ನೋಡಿ ತೀರ್ಮಾನ ಮಾಡುವುದಿಲ್ಲ ಎಂದರು. ಅದೇ ದಿನ ಗಾಜ್ ಬಟ್ಟೆ ತೆಗೆಸಿ ಬೇರೆ ಥರದ ಪಟ್ಟಿ ಹಾಕಿಸಿದರು. ಗಾಯದ ಕೀವಿಗೆ ಕೊಡುತ್ತಿದ್ದ ಔಷಧಿಯಲ್ಲೇ 10-11 ರಂದು ಜ್ವರ ಇಳಿಯಿತು. 12-11 ರಂದು ತೆಗೆದ ರಕ್ತದಲ್ಲಿ ನಂಬರು 41 ಬಂತು. ಬೂಷ್ಟು ಬೆಳೆಯುತ್ತದೋ ಎಂದು ನೋಡಲು ಇಟ್ಟಿದ್ದ ರಕ್ತದಲ್ಲೂ ಅದು ಬೆಳೆದಿರಲಿಲ್ಲ.

ನಿನ್ನೆ 13-11 ರ ಸಂಜೆ 5-10 ಕ್ಕೆ ಊರಿಗೆ ಬಂದೆವು. ನನ್ನ ಗಂಡ ಆಟೋ ಇಳಿದು, ಮನೆಗೂ ಹೋಗದೆ, ನೇರ ಹುಳುಮನೆ ಬಾಗಿಲಿಗೆ ಹೋಗಿ ಚಪ್ಪಲಿ ಬಿಟ್ಟರು. ವೇಣು ಒಳಗಿಂದಲೇ, ಅಣ್ಣ, ಒಳಗೆ ಬರಬ್ಯಾಡ, ನಿನ್ ಮೈಯಾಗೆ ಸುಣ್ಣಕಟ್ಟು ಐತೆ ಎಂದನು. ಸುಣ್ಣಕಟ್ಟು ಎಂದರೆ ಬೂಷ್ಟಿನಿಂದ ಹುಳುಗಳಿಗೆ ಬರುವ ರೋಗ. ಎರಡು ವರ್ಷದ ಹಿಂದೆ ವೇಣು ಬೇರೆಯಾಗಿ ಸಾಕಿದ್ದ ಬೆಳೆ ಪೂರ್ತಿ ಅದರಿಂದಲೇ ಹೋಯಿತು. ಅವನ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಸುಣ್ಣಕಟ್ಟು ಬಂದ ಹುಳು ಸೀಮೆಸುಣ್ಣದ ಹಾಗೆ ಸೆಟೆದುಕೊಳ್ಳುತ್ತದೆ, ಆಟೋ ಇಳಿದು ನಡೆದು ಬರುವುದಿಲ್ಲ.

ನಾನು ಎರಡನೇ ರಿಪೋರ್ಟು ತೋರಿಸಿದೆ. ಮೊದಲ್ನೇದು ಸುಳ್ಳಂದ್ರೆ ಎರಡ್ನೇದು ನಿಜ ಅಂತ ಯಾರ್ ಹೇಳಿದ್ರು ಅತ್ತಿಗೆ ಎಂದು ವೇಣು ಕೇಳಿದನು. ಕಾಗದ ಬಿಡು ಕಣಪ್ಪ, ಮನುಷ್ಯನ್ನ ನೋಡು ಎಂದೆ. ಅವನು ನೋಡಲಿಲ್ಲ. ನನ್ನ ಗಂಡ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು. ಹೊಟ್ಟೆ ಕೊಯ್ಸಿಕೊಂಡಾಗಲೂ ಅವರ ಮುಖ ಹಾಗೆ ಸಣ್ಣದಾಗಿರಲಿಲ್ಲ. ನನಗೆ ಸಂಕಟವಾಯಿತು, ಸಿಟ್ಟೂ ಬಂತು.

ಈ ದಿನ ಬೆಳಿಗ್ಗೆ 5-30 ಕ್ಕೆ ಸೊಪ್ಪು ಹೊತ್ತುಕೊಂಡು ಹೋದಾಗ ಹುಳುಮನೆಗೆ ಹೊಸ ಬೀಗ ಬಿದ್ದಿತ್ತು. ಅಣ್ಣನನ್ನು ಒಂದು ತಿಂಗಳು ತಂಗಿಯ ಮನೆಗೆ ಕಳಿಸಿದರೆ ತೆಗೆಯುತ್ತೇನೆಂದು ವೇಣು ಹೇಳಿದನು. ಕಳಿಸುವುದಿಲ್ಲ ಎಂದೆ. ನಮ್ಮ ಮನೆಯ ಕೈ ಮುಟ್ಟಿದ ಸೊಪ್ಪು ಬೇಡವೆಂದು ಅವನು ಅದನ್ನೂ ಒಳಗೆ ಬಿಡಲಿಲ್ಲ, 11 ಗಂಟೆಯ ಸೊಪ್ಪೂ ತಪ್ಪಿತು.

ಹೆಡ್ ಕಾನ್‌ಸ್ಟೆಬಲ್ ಮುನೇಶ್ ಅವರು ಫೋನ್ ಮಾಡಿ ಕರೆಸಿದ್ದರಿಂದ ವೇಣು 12-50 ಕ್ಕೆ ಬಂದು ಡಾಕ್ಟರ್ ತನುಜ ಅವರೊಂದಿಗೆ ಫೋನಿನಲ್ಲಿ ತಾನೇ ಆರು ನಿಮಿಷ ಮಾತಾಡಿ, ಕೀಲಿಕೈಯನ್ನು ಮೇಜಿನ ಮೇಲೆ ಇಟ್ಟನು. ನಾನು ಮುಟ್ಟಿಲ್ಲ. ಅವನ ಮೇಲೆ ಕೇಸು ಬೇಡ. ಆದರೆ ಬೀಗ ಹಾಕಿದ ಕೈಯೇ ತೆಗೆಯಬೇಕು. ಅಣ್ಣನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಮೊದಲ ಹಿಡಿ ಸೊಪ್ಪನ್ನು ಅವರ ಕೈಯಲ್ಲೇ ಹಾಕಿಸಬೇಕು. ಹುಳು ಹಸಿದಿವೆ, ಈಗಲೇ ಹೊರಡಬೇಕು.

ಬರೆದದ್ದನ್ನು ಓದಿಸಿ ಕೇಳಿದೆ, ಒಂದಕ್ಷರವೂ ಸುಳ್ಳಿಲ್ಲ.

ಸ್ಥಳ: ಕೆಂಚಾರ್ಲಹಳ್ಳಿ
ದಿನಾಂಕ: 14-11-2025, ಮಧ್ಯಾಹ್ನ 1-05
ರುಜು: ಗಂಗುಲಮ್ಮ