ಪಾಪಕ್ಕ ತಿಕ್ಕಿದ ಬಳೆಗಳು

ನಂಜನಗೂಡು ಬಸ್‌ಸ್ಟ್ಯಾಂಡಿನಲ್ಲಿ ಹುಲ್ಲಹಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ಇನ್ನೊಬ್ಬಳ ಕೈಯಲ್ಲಿದ್ದ ತಾಮ್ರದ ಬಳೆ ನೋಡಿ ಕೇಳಿದಳು.

“ನಿನ್ ಮಗ್ಳು ರೋಜಾ ಮಾಡಿದ್ದಾ, ಪಾಪಕ್ಕ?”

“ಊಂ ಕಣವ್ವ. ನನ್ ಮಗ್ಳು ಇಪ್ಪತ್ತು ಬಳೆ ಮಾಡಿ, ಉಪ್ಪು, ಅದೇನೋ ವಿನೆಗರ್ರು ಸವರಿ, ಡಬ್ಬೀಲಿ ಮುಚ್ಚಿಟ್ಟಿದ್ಲು.”

“ಯಾಕೆ?”

“ಅಸಿರು ಬಣ್ಣ ಬರ್ಲಿ ಅಂತ. ನಂಗೇನ್ ಗೊತ್ತು? ಕಿಲುಬು ಇಡ್ಕೊಂಡದೆ ಅಂತ ಉಣಸೇಅಣ್ಣು ಆಕಿ ಅಷ್ಟನ್ನೂ ತಿಕ್ಬುಟ್ಟೆ.”

“ಬೈದ್ಲಾ?”

“ಬೈದಿದ್ರೆ ಸಂದಾಕಿರದು. ‘ಓಗ್ಲಿ ಬುಡವ್ವ’ ಅಂದು ಒಂದ್ನ ನನ್ ಕೈಗೇ ಆಕುದ್ಲು. ಆವತ್ತಿಂದ ಅವ್ಳು ಸುತ್ತಿಗೆ ಮುಟ್ಟಿಲ್ಲ.”

“ಮತ್ತೆ ಮಾಡ್ತಾಳೆ ಬುಡು.”

“ನಾನೂ ಇದ್ನ ತೊಳೀದೆ ತಿಂಗ್ಳಾಯ್ತು. ಈ ಕೈಲಿ ಪಾತ್ರೆನೂ ಬೆಳಗಲ್ಲ. ಕಿಲುಬು ಬಂದ್ರೆ ಅವ್ಳಿಗೆ ತೋರ್ಸಾನ ಅಂತ. ಆಳಾದ್ದು, ಇನ್ನೂ ಒಳೀತಲೇ ಅದೆ.”

“ಕೈಲಿದ್ರೆ ಉಜ್ಜಾಡಿ ಒಳೀತದೆ ಪಾಪಕ್ಕ. ಬಿಚ್ಚಿ ಎತ್ತಿಡು.”

“ಅವ್ಳು ಆಕಿದ್ದ ಎಂಗವ್ವ ಬಿಚ್ಲಿ?”

ದೇವನೂರು ಬಸ್ ಬಂತು. ಪಾಪಕ್ಕ ಬಳೆಯಿದ್ದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಹತ್ತಿದಳು.