ಭಾವನ ಒಂದೇ ಒಂದು ಫೋಟೋ

ಅರ್ಜಿಗೆ ಅಂಟಿಸೋ ಫೋಟೋ ತೆಗೆಸಲು ಹೋಗಿದ್ದೆವು, ನಾವು ನಾಲ್ಕು ಜನ. ಮಳೆ ಹಿಡಿಯಿತು, ಕರೆಂಟು ಹೋಯಿತು. ಸ್ಟುಡಿಯೋದ ಮುದುಕ ಬಾಗಿಲು ಅರ್ಧ ಎಳೆದು, ಸ್ಟೂಲಿನ ಮೇಲೆ ಕೂತು, ಯಾರೂ ಕೇಳದಿದ್ದರೂ ಶುರುಮಾಡಿದ.

"ದೆವ್ವ ಅಂದ್ರೆ ನಗ್ತೀರಿ ಅಲ್ವಾ? ನಗಿ, ನಂದೇನು ಗಂಟು ಹೋಗುತ್ತೆ... ನಮ್ಮ ಅಕ್ಕನ ಗಂಡ ಟೈಲರು. ಒಂದು ಗಳಿಗೆ ಒಂದು ಕಡೆ ನಿಂತ ಆಸಾಮಿ ಅಲ್ಲ. ಒಂದೇ ಕೋಣೆಯ ಮನೆ, ಮಿಷನ್ ತುಳೀತಾ ತುಳೀತಾ ಎದ್ದು ಕಿಟಕಿಗೆ ಹೋಗಿ ಇಣುಕಿ, ಒಲೆ ಮೇಲಿನ ಮುಚ್ಚಳ ಎತ್ತಿ ನೋಡಿ, ಮತ್ತೆ ಮಿಷನ್. ಮದುವೆ ಫೋಟೋ ನಾನೇ ತೆಗೆದದ್ದು... ಅಲ್ಲೂ ಅಲ್ಲಾಡಿದಾನೆ, ಅಕ್ಕನ ಪಕ್ಕದಲ್ಲಿ ಬರೀ ಹೊಗೆ! ಅಂಥ ಪುಣ್ಯಾತ್ಮ ಒಂದು ಜ್ವರಕ್ಕೆ ಹೋಗ್ಬಿಟ್ಟ. ವರ್ಷದೊಳಗೆ ಅಕ್ಕ ಬಂದು ಅತ್ತಳು, 'ಅವರ ಮುಖ ಮರೀತಾ ಇದೆ ಕಣೋ. ಮೂಗು ನೆನಪಿದೆ, ಕಣ್ಣು ಬರ್ತಿಲ್ಲ' ಅಂತ. ನೋಡೋಕೆ ಬೇರೆ ಫೋಟೋನೂ ಇರಲಿಲ್ಲ.

"ಆಗ ನನಗೊಂದು ಹುಚ್ಚಿತ್ತು, ಕ್ಯಾಮೆರಾದ ಷಟರ್ ಗಂಟೆಗಟ್ಟಲೆ ತೆರೆದಿಟ್ಟು ಫೋಟೋ ತೆಗೆಯೋದು. ಓಡಾಡೋ ಜನ ಮಾಯ ಆಗ್ತಾರೆ, ನಿಂತವರು ಮಾತ್ರ ಉಳೀತಾರೆ. ಸತ್ತ ಮೇಲಾದ್ರೂ ನಿಂತಿರ್ತಾನೆ ಅಂತ ಅವನ ಕೋಣೇಲಿ ಕ್ಯಾಮೆರಾ ಇಟ್ಟೆ. ಫಿಲ್ಮ್ ತೊಳೆದು ನೋಡಿದ್ರೆ... ಮಿಷನ್ ಸ್ಪಷ್ಟ, ಕಿಟಕಿ ಸ್ಪಷ್ಟ, ನಡುವೆ ಅದೇ ಹೊಗೆ! ಗಂಟೆಪೂರ್ತಿ ಅದೇ ದಾರೀಲಿ ಸುತ್ತಿದಾನೆ! ಹೆದರಬೇಕಿತ್ತು, ಪಿತ್ತ ನೆತ್ತಿಗೇರಿತು. 'ಸತ್ತರೂ ಬುದ್ಧಿ ಬರಲಿಲ್ವಲ್ಲ ಭಾವ ನಿಮಗೆ!' ಅಂತ ಖಾಲಿ ಮನೇಲಿ ಬೈದೆ.

"ಆಮೇಲೆ ಹೊಳೀತು. ಓಡೋ ಸೈಕಲ್ ಜೊತೆ ಕ್ಯಾಮೆರಾನೂ ತಿರುಗಿಸಿದ್ರೆ, ಫೋಟೋದಲ್ಲಿ ಸೈಕಲ್ ನಿಲ್ಲುತ್ತೆ, ಬೀದಿ ಓಡುತ್ತೆ. ಆದ್ರೆ ಕಾಣದವನ ಜೊತೆ ತಿರುಗಿಸೋದು ಹೇಗೆ? ಅಕ್ಕ ಕಣ್ಣು ಮುಚ್ಚಿ ನಿಂತಳು. 'ಈಗ ಎದ್ದರು... ಕಿಟಕಿ... ಕೆಮ್ಮಿದರು... ಈಗ ಒಲೆ...' ಮುಖ ಮರೆತರೂ ಆ ಓಡಾಟ ಮರೆಯುತ್ತಾ ಅವಳಿಗೆ? ಹೇಳಿದ ಹಾಗೆ ತಿರುಗಿಸಿದೆ. ಮನೆಯೆಲ್ಲಾ ಹೊಗೆ... ನಡುವೆ ಭಾವನ ಮುಖ, ಹುಬ್ಬಿನ ಕೂದಲು ಎಣಿಸಬಹುದು! ಅಕ್ಕ ಫೋಟೋನ ಎದೆಗೊತ್ತಿಕೊಂಡು ಅಳ್ತಾ ಅಳ್ತಾ ನಕ್ಕಳು.

"ಮುಗೀತು ಅಂದ್ಕೊಂಡ್ರಾ? ಗೋಡೆಗೆ ಹಾಕಿದ ಮೇಲೆ, ವರ್ಷಗಳು ಕಳೆದ ಹಾಗೆ, ಫೋಟೋದಲ್ಲಿ ಮೊದಲು ಮಿಷನ್ ತಿಳಿಯಾಯ್ತು, ಆಮೇಲೆ ಕಿಟಕಿ... ಈಗ ಮನೆಯೆಲ್ಲಾ ಸ್ಪಷ್ಟ, ಭಾವ ಮಾತ್ರ ಇಲ್ಲ. ಅಯ್ಯೋ, ಅಕ್ಕ ಮತ್ತೆ ಮರೀತಾಳಲ್ಲ ಅಂತ ಇವತ್ತು ಬೆಳಗ್ಗೆ ಇನ್ನೊಂದು ತೆಗೆಯೋಕೆ ಓಡಿದೆ. ಅವಳು ಆರಾಮಾಗಿ ಕೂತು ಮಿಷನ್‌ನಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಕತ್ತು ತಿರುಗಿಸ್ತಾ ಇದ್ದಾಳೆ. 'ಫೋಟೋ ಯಾಕೋ ಇನ್ನು? ಪಕ್ಕಕ್ಕೆ ಸರಿ, ಅವರ ದಾರಿಗೆ ಅಡ್ಡ ನಿಂತಿದೀಯ' ಅಂದಳು.

"ಸರಿದೆ ಸ್ವಾಮಿ... ಚೂರು ತಡ ಆಯ್ತು. ತೋಳಿಗೆ ತೋಳು ತಾಗಿತು."