ಅತ್ಯಂತ ನಿಶ್ಶಬ್ದ ಕೊಠಡಿಯ ಫಲಕ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಧ್ವನಿ ಅಳೆಯುವ ಮೀಟರನ್ನು ಇಲ್ಲಿಯೂ ಜೇಬಿನಲ್ಲಿಟ್ಟುಕೊಂಡೇ ಕುಳಿತಿರುವ ಕಾರ್ಯದರ್ಶಿಗಳೇ, ಸ್ಪೀಕರಿಗೆ ಬೆಳ್ಳಿ ಕೇಬಲೇ ಬೇಕೆನ್ನುವ ಬಲಗಡೆಯ ಕೇಬಲ್ ಪಕ್ಷದವರೇ, ಅವರ ಮುಖ ನೋಡಲೊಲ್ಲದೆ ಎಡಗಡೆ ಕುಳಿತ ಕೇಬಲ್ ವಿರೋಧಿಗಳೇ, ಇವರಿಬ್ಬರ ನಡುವೆ ಸಿಕ್ಕಿಕೊಂಡಿರುವ ಸಭಿಕರೇ,

ನಮ್ಮ ಶ್ರವಣಾಸಕ್ತರ ಸಂಘವು ನನ್ನ ಮನೆಯ ಸಂಗೀತದ ಕೋಣೆಗೆ 'ವರ್ಷದ ಅತ್ಯಂತ ನಿಶ್ಶಬ್ದ ಕೊಠಡಿ' ಎಂಬ ಈ ಹಿತ್ತಾಳೆ ಫಲಕವನ್ನು ಕೊಟ್ಟಿದೆ. ಸಂಗೀತದವರು ನಿಶ್ಶಬ್ದಕ್ಕೆ ಬಹುಮಾನ ಕೊಡುತ್ತಾರೆಯೇ ಎಂದು ಹೊರಗಿನವರು ನಗಬಹುದು. ನಗಲಿ. ಹಾಡಿನ ಹಿಂದೆ ಮತ್ತೊಂದು ಸದ್ದು ಇರಕೂಡದು ಎಂಬುದು ಅವರಿಗೇನು ಗೊತ್ತು? ನಾನು ಹಲ್ಲಿನ ವೈದ್ಯ. ದಿನವಿಡೀ ಡ್ರಿಲ್ಲಿನ ಕಿರ್ರೆನ್ನುವ ಸದ್ದು, ಅದರ ಮೇಲೆ ರೋಗಿಗಳ ಆಲಾಪನೆ. ಸಂಜೆ ಮನೆಗೆ ಬಂದವನು ಶುದ್ಧವಾದ ಒಂದು ಸ್ವರ ಬಯಸಿದರೆ ತಪ್ಪೇ?

ಈ ಕೊಠಡಿ ಸುಮ್ಮನೆ ಆದದ್ದಲ್ಲ. ಮೊದಲು ಸೋಫಾ ಹೋಯಿತು, ಆಮೇಲೆ ಗಾಜಿನ ಬೀರು ಹೋಯಿತು. ಎರಡು ಸ್ಪೀಕರ್‌ಗಳ ಧ್ವನಿ ಸರಿಯಾಗಿ ಕೂಡುವುದು ಒಂದೇ ಒಂದು ಜಾಗದಲ್ಲಿ; ಅಲ್ಲಿ ನನ್ನ ಕುರ್ಚಿ ಹಾಕಿದೆ. "ಹಾಗಾದ್ರೆ ನಾನೆಲ್ಲಿ ಕೂತ್ಕೊಳ್ಳೋದು ರೀ?" ಎಂದಳು ಹೆಂಡತಿ. ಪ್ರಶ್ನೆ ನ್ಯಾಯವಾದದ್ದೇ. ಸಂಘದಲ್ಲಿ ಚರ್ಚೆಗಿಟ್ಟೆ. ಮನುಷ್ಯರ ದೇಹ ತಾರಸ್ಥಾಯಿಯನ್ನು ಹೀರಿಕೊಳ್ಳುತ್ತದೆ, ಹತ್ತಿ ಬಟ್ಟೆ ತೊಟ್ಟ ದೇಹ ಇನ್ನೂ ಹೆಚ್ಚು ಹೀರುತ್ತದೆ ಎಂದು ಹಿರಿಯರು ಅಭಿಪ್ರಾಯಪಟ್ಟರು. ಅವಳು ಅಡುಗೆಮನೆಯಲ್ಲಿ ಕೂರುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಅವಳ ಮತ ಕೇಳಲಿಲ್ಲ, ಏಕೆಂದರೆ ಅವಳು ಸದಸ್ಯಳಲ್ಲ.

ಎಡಗಡೆ ಕುಳಿತು ನಗುತ್ತಿರುವ ನನ್ನ ಭಾವಮೈದುನ ಆಗಲೇ ತರಲೆ ಶುರುಮಾಡಿದ್ದ. ಸ್ಪೀಕರಿಗೆ ನಾನು ಹಾಕಿಸಿದ ಬೆಳ್ಳಿ ಕೇಬಲನ್ನು ನೋಡಿ, "ಭಾವ, ಅಕ್ಕ ಬಟ್ಟೆ ಒಣಗ್ಸೋ ತಂತೀಲೂ ಇದೇ ಹಾಡು ಬರತ್ತೆ" ಎಂದ. ಪರೀಕ್ಷೆ ಇಟ್ಟೆವು. ಯಾವುದು ಯಾವುದೆಂದು ಕಾಣದಂತೆ ಬೆಡ್‌ಶೀಟ್ ಮುಚ್ಚಿ ಅವನೇ ಎರಡನ್ನೂ ಕೇಳಿಸಿದ. ನಾವೆಲ್ಲರೂ ಮೆಚ್ಚಿದ್ದು ಬಟ್ಟೆಯ ತಂತಿಯನ್ನು. ನಮ್ಮ ಸಂಘ ಹೆದರಿತೇ? ಇಲ್ಲ. ಅನೇಕ ವರ್ಷ ಬಿಸಿಲಿನಲ್ಲಿ ನೇತಾಡಿ ಆ ತಂತಿ ಹದವಾಗಿದೆ ಎಂದು ಠರಾವು ಮಾಡಿದೆವು. ಮರುದಿನವೇ ಅರ್ಧ ಸಂಘದವರ ಬೆಳ್ಳಿ ಕೇಬಲ್ ಅವರವರ ಮಹಡಿಯಲ್ಲಿ ಒಣಗುತ್ತಿತ್ತು. ತಂತಿ ಕಳೆದುಕೊಂಡ ನನ್ನ ಹೆಂಡತಿ ಬಟ್ಟೆಗಳನ್ನು ಬಾಗಿಲ ಮೇಲೆ ಹರವತೊಡಗಿದಳು. ಅದರಿಂದ ಪ್ರತಿಧ್ವನಿ ಕಡಿಮೆಯಾಯಿತು ಎಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಇಷ್ಟಾದರೂ ಒಂದು ದೋಷ ಉಳಿಯಿತು. ನನ್ನಲ್ಲಿ ಹಳೆಯ ಗಾಯಕಿಯೊಬ್ಬರ ರೆಕಾರ್ಡ್ ಇದೆ. ಅದನ್ನು ಹಾಕಿದಾಗಲೆಲ್ಲ ಹಾಡಿನ ಅಡಿಯಲ್ಲಿ ಗುಂಯ್ ಎಂಬ ತೆಳ್ಳನೆಯ ಸದ್ದು. ನೀವೆಲ್ಲ ಬಂದು ಕೇಳಿದಿರಿ. ಒಬ್ಬರು ಅರ್ಥಿಂಗ್ ಸರಿಯಿಲ್ಲ ಎಂದರು, ಒಬ್ಬರು ಟ್ರಾನ್ಸ್‌ಫಾರ್ಮರ್ ಎಂದರು. ಎಲ್ಲವನ್ನೂ ಬದಲಿಸಿದೆ. ಗುಂಯ್ ಬದಲಾಗಲಿಲ್ಲ. ಅದು ಹಾಡಿನ ಶ್ರುತಿಯಲ್ಲೇ ಇತ್ತು, ತಾಳ ತಪ್ಪುತ್ತಿರಲಿಲ್ಲ, ದುಃಖದ ಸಾಲಿನಲ್ಲಿ ಸ್ವಲ್ಪ ನಡುಗುತ್ತಿತ್ತು. ಟ್ರಾನ್ಸ್‌ಫಾರ್ಮರಿಗೆ ಇಷ್ಟೊಂದು ಸಂಗೀತಜ್ಞಾನ ಎಲ್ಲಿಂದ ಬಂತೆಂದು ನಮ್ಮಲ್ಲಿ ಯಾರಾದರೂ ಕೇಳಿದೆವೇ? ಹೆಂಡತಿ ತಮ್ಮನ ಮನೆಗೆ ಹೋದ ದಿನಗಳಲ್ಲಿ ದೋಷ ಇರುತ್ತಿರಲಿಲ್ಲ. ಆಗ ಕಾರ್ಯದರ್ಶಿಗಳು, "ನೋಡಿ, ಯಾರೂ ಫ್ರಿಜ್ ತೆಗೀತಿಲ್ಲ, ಅದಕ್ಕೇ!" ಎಂದರು. ನಾನು ಫ್ರಿಜ್ ಬದಲಿಸಿದೆ.

ಕೊನೆಗೊಂದು ಸಂಜೆ, ನೀವೆಲ್ಲ ನೆರೆದಿದ್ದಾಗ, ಹಾಡಿನ ಮಧ್ಯೆ ಕರೆಂಟ್ ಹೋಯಿತು. ರೆಕಾರ್ಡ್ ನಿಂತಿತು, ಸ್ಪೀಕರ್ ನಿಂತಿತು, ಫ್ರಿಜ್ಜೂ ನಿಂತಿತು. ಗುಂಯ್ ಮಾತ್ರ ಅಡುಗೆಮನೆಯ ಕಡೆಯಿಂದ ಆ ಸಾಲನ್ನು ಪೂರ್ತಿ ಮುಗಿಸಿತು.

"ಸಿಕ್ತು ಕಣ್ರೀ! ಆಂಪ್ಲಿಫಯರ್ ನಿರ್ದೋಷಿ!" ಎಂದು ಅಧ್ಯಕ್ಷರು ಕುಣಿದಾಡಿದರು. ಕೈ ಒರೆಸಿಕೊಳ್ಳುತ್ತ ಬಂದ ಹೆಂಡತಿಗೆ, "ಅಮ್ಮಾ, ಆ ದೋಷ ನೀವೇ ನೋಡಿ!" ಎಂದರು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅವಳು, "ನಾನು ಹಾಡ್ತಿದ್ನಾ? ನಂಗೇ ಗೊತ್ತಿಲ್ವಲ್ಲ" ಎಂದಳು.

ಆ ವಾರವೇ ಅಡುಗೆಮನೆಯ ಗೋಡೆಗೆ ದಪ್ಪ ಫೋಮ್ ಬಡಿಸಿದೆ. "ಹಾಗೇ ನನ್ನ ಬಾಯಿಗೂ ಒಂಚೂರು ಬಡಿಸ್ಬಿಡಿ" ಎಂದಳು. ಅದಕ್ಕೆ ಬೇರೆ ದಪ್ಪದ ಫೋಮ್ ಬೇಕಾಗುತ್ತದೆ ಎಂದು ವಿವರಿಸಿದೆ. ಗುಂಯ್ ನಿಂತಿತು. ಕಾರ್ಯದರ್ಶಿಗಳು ಬಂದು ಅಳೆದು, ಕೊಠಡಿ ಪರಿಪೂರ್ಣ ಎಂದು ನನ್ನ ಕೈ ಕುಲುಕಿದರು. ಹೆಂಡತಿ ಸ್ವಲ್ಪ ದಿನದ ಮಟ್ಟಿಗೆ ತಮ್ಮನ ಮನೆಗೆ ಹೋಗಿದ್ದಾಳೆ. ಹೋಗಿ ವರ್ಷವಾಗುತ್ತ ಬಂತು.

ಮೊನ್ನೆ ಕರೆಯಲು ಹೋಗಿದ್ದೆ. ಭಾವಮೈದುನನ ಅಡುಗೆಮನೆಯಲ್ಲಿ ಒಂದು ರೇಡಿಯೊ ಇದೆ. ಅದರ ಮುಂಭಾಗದ ಬಟ್ಟೆ ಹರಿದಿದೆ, ತಿರುಗಿಸುವ ಒಂದು ಗುಂಡಿಯೇ ಇಲ್ಲ. ಅದರಿಂದ ಅದೇ ಗಾಯಕಿಯ ಅದೇ ಹಾಡು ಬರುತ್ತಿತ್ತು. ಮಂದ್ರವಿಲ್ಲ, ತಾರವಿಲ್ಲ, ತಗಡಿನ ಡಬ್ಬಿಯೊಳಗೆ ಕೂತು ಹಾಡಿದಂತಿತ್ತು. ಅದರ ಮೇಲೆ ನನ್ನ ಹೆಂಡತಿ ಬಾಯಿಬಿಟ್ಟು ಹಾಡುತ್ತಿದ್ದಳು. ನಾನು ಹೊರಬಾಗಿಲಲ್ಲೇ, ತೆರೆದ ಕಿಟಕಿಯ ಬಳಿ ನಿಂತು ಪೂರ್ತಿ ಕೇಳಿದೆ. ಕುರ್ಚಿ ಇರಲಿಲ್ಲ, ನಿಂತ ಜಾಗವೂ ಸರಿಯಿರಲಿಲ್ಲ. ಆದರೂ ಒಂದೂ ದೋಷ ಹುಡುಕಲಾಗಲಿಲ್ಲ. ಆಮೇಲೆ ಬೆಲ್ ಒತ್ತಿದೆ. ಹಾಡು ನಿಂತುಹೋಯಿತು.

ಸಭಿಕರೇ, ಇದನ್ನು ಯಾರೂ ಭಾವನೆಯ ಮಾತೆಂದು ತಿಳಿಯಬಾರದು. ತಾಂತ್ರಿಕವಾಗಿ ಹೇಳುತ್ತೇನೆ. ಗುಂಯ್ ಇಲ್ಲದೆ ನನ್ನ ರೆಕಾರ್ಡಿನಲ್ಲಿ ಏನೋ ಕಡಿಮೆ ಬೀಳುತ್ತಿದೆ. ಸೂಜಿ ಬದಲಿಸಿ ನೋಡಿದೆ, ಆಂಪ್ಲಿಫಯರಿನ ವಾಲ್ವ್ ಬದಲಿಸಿ ನೋಡಿದೆ. ಹೀಗಾಗಿ ನಿನ್ನೆ ಅಡುಗೆಮನೆಯ ಗೋಡೆಯ ಫೋಮನ್ನು ನಾನೇ ಕಿತ್ತುಹಾಕಿದ್ದೇನೆ. ಬಟ್ಟೆಯ ತಂತಿಯನ್ನೂ ಮಹಡಿಯಲ್ಲಿ ಕಟ್ಟಿ ಬಂದಿದ್ದೇನೆ. ನನ್ನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಹಾಕಿದ್ದೇನೆ. ಈಗ ಎರಡೂ ಕುರ್ಚಿಗಳಲ್ಲಿ ಧ್ವನಿ ಸಮನಾಗಿ ಕೆಟ್ಟಿದೆ. ಆದ್ದರಿಂದ ಈ ಫಲಕಕ್ಕೆ ನಾನು ಅರ್ಹನಲ್ಲ. ಮೇಜಿನ ಮೇಲೆಯೇ ಬಿಟ್ಟು ಹೋಗುತ್ತೇನೆ.

ಭಾವಮೈದುನರೇ, ನಿಮ್ಮ ಅಕ್ಕನಿಗೆ ಇಷ್ಟನ್ನು ತಿಳಿಸಿ. ಬಂದರೆ ಆ ರೇಡಿಯೊ ಕೂಡ ತರಲಿ. ಕಾರ್ಯದರ್ಶಿಗಳೇ, ಒಂದು ತಿಂಗಳು ಬಿಟ್ಟು ನಿಮ್ಮ ಮೀಟರಿನೊಂದಿಗೆ ನನ್ನ ಮನೆಗೆ ದಯಮಾಡಿಸಿ. ಆ ಹೊತ್ತಿಗೆ ನನ್ನ ಕೊಠಡಿ ಪರೀಕ್ಷೆಯಲ್ಲಿ ನಪಾಸಾಗಲಿ ಎಂದು ನೀವೆಲ್ಲರೂ ಹರಸಬೇಕು. ಇಷ್ಟು ಹೊತ್ತು ಗಲಾಟೆಯಿಲ್ಲದೆ ಕೇಳಿದ್ದಕ್ಕೆ ವಂದನೆಗಳು. ನಿಶ್ಶಬ್ದದಿಂದ ನನಗೆ ಈಗ ಸ್ವಲ್ಪ ಭಯವಾಗುತ್ತದೆ. ದಯವಿಟ್ಟು ಯಾರಾದರೂ ಕೆಮ್ಮಿ. ನಮಸ್ಕಾರ.